ಮಂಜುಳಾನ ತಿರುವು

ಬೆಟಗೇರಿ
ಶುಕ್ರವಾರ ಮಧ್ಯಾಹ್ನ

ಮಾತಿನ ನಡುವೆ ಫೋನು ಇಟ್ಟುಬಿಟ್ಟ ಮಂಜುಳಾಗೆ,

ಕಾಗದವನ್ನು ನಡುವೆ ಕತ್ತರಿಸಲು ಬರುವುದಿಲ್ಲ. ಹರಿಯಬಹುದು, ಒಲೆಗೆ ಹಾಕಬಹುದು, ಆದರೆ ಅಷ್ಟರೊಳಗೆ ಕಣ್ಣು ನಾಲ್ಕು ಸಾಲು ಓದಿಬಿಟ್ಟಿರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಉಪಕಾರ ನೆನೆಯುವುದಕ್ಕಲ್ಲ. ಕ್ಷಮೆ ಕೇಳುವ ಮಾತು ಒಂದೇ ಒಂದು ಕಡೆ ಬರುತ್ತದೆ, ಅದೂ ನೀನು ಅಂದುಕೊಂಡ ಕಾರಣಕ್ಕೆ ಇರಲಿಕ್ಕಿಲ್ಲ.

ಹೋದ ವಾರ ನೀನು ಅಂದದ್ದು ಇಷ್ಟು: "ಅಕ್ಕಾ, ನಾ ಕೊಟ್ಟದ್ದನ್ನ ತಿರುಗಿ ನನ್ನ ಉಡ್ಯಾಗ ಹಾಕಾಕ ಬಂದಿಯಲ್ಲಾ, ಇದಕ್ಕಿಂತ ದೊಡ್ಡ ಅವಮಾನ ಯಾವುದೈತಿ? ಸುಮ್ನ ಕುಂಡ್ರು." ಉಡಿಗೆ ಹಾಕಿದ್ದನ್ನು ಹಿಂದಕ್ಕೆ ಕೊಡಬಾರದೆಂಬುದು ನನಗೂ ಗೊತ್ತು. ಆದರೆ ನೆನಪು ಮಾಡಿಕೋ. ನೀನು ನನ್ನ ಉಡಿಗೆ ಏನನ್ನೂ ಹಾಕಲಿಲ್ಲ. ನನ್ನ ಉಡಿಯಲ್ಲಿದ್ದದ್ದನ್ನು ಕೇಳದೆ ಎತ್ತಿಕೊಂಡು ನಿನ್ನೂರು ಕೊರ್ಲಹಳ್ಳಿಯ ಬಸ್ಸು ಹತ್ತಿದೆ.

ಗೊತ್ತಿದ್ದದ್ದನ್ನೇ ಇಲ್ಲಿ ಮೊದಲಿನಿಂದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಐದು ತಿಂಗಳು ಕಾರ್ಖಾನೆಯ ಗೋಡೆಯ ಮೇಲೆ ನಿನ್ನ ಹೆಸರಿದ್ದ ನೋಟೀಸನ್ನು ದಿನಕ್ಕೆರಡು ಸಲ ಓದಿ ಓದಿ ನನಗೇ ಅದು ಖರೆ ಅನ್ನಿಸತೊಡಗಿತ್ತು. ಒಂದು ಕಡೆಯಾದರೂ ನಡೆದದ್ದು ನಡೆದ ಹಾಗೆ ಬರಹದಲ್ಲಿ ಇರಲಿ.

ನಮ್ಮ ಕಾರ್ಖಾನೆಯಲ್ಲಿ ಉಕ್ಕಿನ ಪಟ್ಟಿ ಮುಸ್ತಾಕನ ಆಸಿಡ್ ತೊಟ್ಟಿಗೆ ಇಳಿಯುವಾಗ ಕರಿಯ ಸಿಪ್ಪೆ ಹೊದ್ದಿರುತ್ತದೆ. ಮೇಲೆ ಬರುವಾಗ ಸಿಪ್ಪೆ ಇರುವುದಿಲ್ಲ. ಆಗಷ್ಟೇ ಕ್ಷೌರ ಮಾಡಿಸಿಕೊಂಡ ಗಲ್ಲದ ಹಾಗೆ ಬೂದು ಬಿಳುಪು. ಆ ಹೊತ್ತಿನಲ್ಲಿ ಅದಕ್ಕೆ ಗಾಳಿಯೂ ಆಗಿಬರುವುದಿಲ್ಲ. ಮೈಗೆ ಹತ್ತಿದ ಆಸಿಡ್ ಒಣಗುವ ಮೊದಲು ಅದು ನಮ್ಮ ತೊಟ್ಟಿಯ ನೀರಿಗೆ ಇಳಿಯಬೇಕು. ಆ ನೀರು ಹೊಸದಿರಬೇಕು, ಹರಿಯುತ್ತಿರಬೇಕು. ಆಮೇಲೆ ಬಿಸಿನೀರು, ರಬ್ಬರ್ ಉರುಳೆಗಳ ನಡುವೆ ಒರಸು, ಗಾಳಿ, ಸುರುಳಿ. ನಡುವೆ ಎಲ್ಲಿಯಾದರೂ ನೀರು ಸೋಮಾರಿಯಾದರೆ ಪಟ್ಟಿಯ ಮೇಲೆ ಚಹಾ ಚೆಲ್ಲಿದಂಥ ಕಲೆ ಏಳುತ್ತದೆ. ಆ ದಿನ ಏಳುವುದಿಲ್ಲ ಎಂಬುದೇ ಅದರ ದುಷ್ಟತನ. ಎಂಟು ಹತ್ತು ದಿನ ಕಳೆದು, ನಮ್ಮ ಕೈ ದಾಟಿ, ಇನ್ನೊಬ್ಬರ ಮನೆ ಸೇರಿದ ಮೇಲೆ ಏಳುತ್ತದೆ.

ಕರೆಂಟು ಹೋದಾಗ ಏನಾಗುತ್ತಿತ್ತು ಎಂಬುದು ನಿನಗೆ ನೆನಪಿದೆಯೋ ಇಲ್ಲವೋ. ಪಟ್ಟಿ ನಿಂತಲ್ಲೇ ನಿಲ್ಲುತ್ತಿತ್ತು, ಎರಡು ತೊಟ್ಟಿಗಳ ನಡುವಿನ ಎರಡು ಮೊಳ ಗಾಳಿಯಲ್ಲಿ. ನಾವಿಬ್ಬರೂ ತಂಬಿಗೆ ಹಿಡಿದು ಓಡುತ್ತಿದ್ದೆವು, ಕರೆಂಟು ಬರುವ ತನಕ ಆ ಎರಡು ಮೊಳಕ್ಕೆ ನೀರು ಹೊಯ್ಯುತ್ತ ನಿಲ್ಲುತ್ತಿದ್ದೆವು. ಮದುವೆಯಲ್ಲಿ ಮದುಮಗಳಿಗೆ ಸುರಗಿ ನೀರು ಎರೆಯುತ್ತಾರಲ್ಲ, ಹಾಗೆ. "ನಿಂದ್ರ ನಮ್ಮವ್ವಾ, ಅಂಜಬ್ಯಾಡ, ಇನ್ನೊಂದs ಚರಗಿ" ಎಂದು ನೀನು ಆ ಉಕ್ಕಿಗೆ ಸಮಾಧಾನ ಹೇಳುತ್ತಿದ್ದೆ. ಮುಸ್ತಾಕ ಅತ್ತ ಕಡೆಯಿಂದ, "ವರ ಎಲ್ಲಿ ಅದಾನ ಕೇಳ್ರಿ ಮದಲ" ಎನ್ನುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ, ಬಂದರೂ ತೋರಿಸುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಒಂದೇ ತೊಟ್ಟಿಯ ಮುಂದೆ ನಿಂತವಳಿಗೆ ಒಂದು ಗಾಂಭೀರ್ಯ ಬೇಕು ಎಂದು ನಾನು ಅಂದುಕೊಂಡಿದ್ದೆ.

ಈಗ ತೊಟ್ಟಿಗೆ ನೀರು ಬಿಡುವ ವಾಲ್‌ನ ಮಾತು. ತೊಟ್ಟಿಯ ಎಡಕ್ಕೆ ಇದ್ದ ಅದರ ಮೇಲೆ ಕೆಂಪು ಗೆರೆ. ಪಾಳಿ ಮುಗಿಯುವ ತನಕ ತಿರುಗಣಿ ಆ ಗೆರೆಯಲ್ಲೇ ಇರಬೇಕೆಂದು ನಿಯಮ. ನೀರು ತೊಟ್ಟಿ ತುಂಬಿ, ಅಂಚಿನಿಂದ ಚೆಲ್ಲಿ, ಆಸಿಡ್ ಸಾಯಿಸುವ ಸುಣ್ಣದ ಹೊಂಡಕ್ಕೆ ಹೋಗುತ್ತದೆ. ಬೋರಿನ ಸವುಳು ನೀರು ಪಟ್ಟಿಗೆ ನಡೆಯುವುದಿಲ್ಲ, ಒಣಗಿದರೆ ಬಿಳಿ ಹುಡಿ ಬಿಡುತ್ತದೆ. ಹಾಗಾಗಿ ಟ್ಯಾಂಕರಿನಲ್ಲಿ ಬರುತ್ತಿದ್ದದ್ದು ಹೊಳೆಯ ನೀರು. ಕುಡಿಯುವ ನೀರು. ದಿನಕ್ಕೆ ಎಂಟು ತಾಸು, ಬೆಟಗೇರಿಯಲ್ಲಿ ಹುಟ್ಟಿ ಬೆಳೆದ ಹೆಂಗಸೊಬ್ಬಳ ಕಣ್ಣ ಮುಂದೆ, ಸುಣ್ಣದ ಹೊಂಡಕ್ಕೆ.

ನಮ್ಮ ಓಣಿಗೆ ನಳ ಬರುವುದು ಹತ್ತು ದಿನಕ್ಕೊಮ್ಮೆ, ಒಮ್ಮೊಮ್ಮೆ ಹನ್ನೆರಡು ದಿನಕ್ಕೆ. ನಳದ ದಿನ ನಾವು ಮಯ್ಯತ್ತಿಗೆ, ಮಣ್ಣಿಗೆ ಬೇಕಾದರೆ ಹೋಗುತ್ತೇವೆ, ಮದುವೆಗೆ ಹೋಗುವುದಿಲ್ಲ. ಇಂಥ ಊರಿನಲ್ಲಿ ಕೈಗೆ ಒಂದು ಗುಣ ಬೆಳೆದುಬಿಡುತ್ತದೆ. ನಾನು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅಪರಿಚಿತರು ಬಿಟ್ಟ ನಳ ಬಂದ್ ಮಾಡಿದ್ದೇನೆ. ಒಮ್ಮೆ ಒಂದು ಮದುವೆ ಊಟದಲ್ಲಿ ಕೈ ತೊಳೆಯುತ್ತಿದ್ದವರ ಎದುರಿಗೇ ಬಂದ್ ಮಾಡಿ ಬೈಸಿಕೊಂಡಿದ್ದೇನೆ. ಕಾರ್ಖಾನೆಯಲ್ಲೂ ಹನ್ನೊಂದರ ಚಹಾ ಮುಗಿಸಿ ಬಂದಾಗ ಈ ಕೈ ವಾಲ್‌ನ ಮೇಲೆ ಹೋಗುತ್ತಿತ್ತು. ಅರ್ಧ ತಿರುವು. ನಾನು ಮಾಡಲಿಲ್ಲ, ಕೈ ಮಾಡಿತು ಎಂದು ಹೇಳಬಹುದು. ಹೇಳುವುದಿಲ್ಲ. ಕೈ ನನ್ನದು.

ನೀನಾದರೆ ಹೊಳೆಯ ದಂಡೆಯವಳು. ಬಂದ ಮೊದಲ ದಿನವೇ ವಾಲ್ ಪೂರಾ ಬಿಚ್ಚಿ, ಗೆರೆಯನ್ನೂ ದಾಟಿಸಿ, ನೀರಿನ ಸದ್ದು ಕೇಳುತ್ತ ನಿಂತಿದ್ದೆ. ನಾನು ಬೈದಾಗ, "ನೀರಿನ ಸಪ್ಪಳ ಇಲ್ಲಂದ್ರ ನನಗ ಕೆಲಸಾ ಹತ್ತೂದಿಲ್ಲ ಅಕ್ಕಾ" ಎಂದೆ. "ನಿಮ್ಮ ಹೊಳಿ ನಮ್ಮ ಓಣಿಗೆ ಹನ್ನೆರಡು ದಿನಕ್ಕೊಮ್ಮೆ ಬೀಗರ ಬಂದಂಗ ಬರತೈತಿ, ಅದಕ್ಕ ಒಂದೀಟು ಮರ್ಯಾದಿ ಕೊಡು" ಎಂದು ನಾನು ಹೇಳಿದ್ದೆ. ನಾಲ್ಕು ವರ್ಷ ಇದೇ ಜಗಳ. ನೀನು ಬಿಚ್ಚುವುದು, ನಾನು ನಿನ್ನ ಹಿಂದಿನಿಂದ ಹೋಗಿ ತಿರುವುವುದು. ಇದನ್ನು ನೋಡದ ಕಣ್ಣು ಆ ಶೆಡ್ಡಿನಲ್ಲಿ ಒಂದೂ ಇರಲಿಲ್ಲ. ಹಾಗಿದ್ದೂ, ವಾಲ್ ಮುಚ್ಚಿದವಳು ಮಂಜುಳಾ ಎಂದಾಗ ಒಬ್ಬರೂ ತಲೆ ಎತ್ತಲಿಲ್ಲ. ಜನ ನೋಡಿದ್ದನ್ನು ಬಿಟ್ಟು ಹೇಳಿದ್ದನ್ನು ನಂಬುತ್ತಾರೆ, ಅದರಲ್ಲಿ ಶ್ರಮ ಕಡಿಮೆ.

ಮಾರ್ಚಿನಲ್ಲಿ ತೆಳು ಪಟ್ಟಿಯ ಕೆಲಸ ಬಂತು, ಮಗ್ಗದಲ್ಲಿ ನೂಲು ಹಾಯುವ ಬಾಚಣಿಗೆ, ಅಂದರೆ ಫಣಿಗೆ, ಹಲ್ಲು ಮಾಡುವ ಪಟ್ಟಿ. ಯಂತ್ರದ ವೇಗ ಹೆಚ್ಚಿಸಿದರು. ಪಟ್ಟಿ ಜೋರಾಗಿ ಓಡಿದಷ್ಟೂ ಆಸಿಡ್ ಹೆಚ್ಚು ಹೊತ್ತು ತರುತ್ತದೆ, ಅಷ್ಟೂ ನೀರು ಹೆಚ್ಚು ಬೇಕು. ಅದು ನನಗೆ ತಿಳಿದಿತ್ತು. ತಿಳಿದಿದ್ದೂ ಅರ್ಧ ತಿರುವು ನಿಲ್ಲಲಿಲ್ಲ. ಮೂರು ವಾರ ಕಳೆದು ನಮ್ಮದೇ ಬೆಟಗೇರಿಯ ನೇಕಾರ ಚನ್ನಬಸವಣ್ಣ ಗೇಟಿಗೆ ಬಂದ. ಕೂಗಾಡಲಿಲ್ಲ. ಬಗಲಿನಿಂದ ಒಂದು ಬಿಳಿ ಸೀರೆ ತೆಗೆದು ಮೇಜಿನ ಮೇಲೆ ಮಗುವನ್ನು ಮಲಗಿಸಿದ ಹಾಗೆ ಬಿಚ್ಚಿದ. ಉದ್ದಕ್ಕೂ ತೆಳು ಕಂದು ಗೆರೆಗಳು, ಎಳೆ ಎಳೆಗೆ. "ಇದನ್ನ ಉಟಗೊಳ್ಳಾಕಿ ನನ್ನ ಮಗಳು ಇದ್ಲರಿ. ನಿಮ್ಮ ಪಟ್ಟಿ ಆಕಿಗಿಂತ ಮದಲ ಅರಿಷಿಣ ಹಚ್ಚೇತಿ" ಎಂದ. ಅವನ ಫಣಿಯ ಹಲ್ಲುಗಳಲ್ಲಿ ನಮ್ಮ ಕಲೆ ಎದ್ದು ನೂಲಿಗೆ ಹತ್ತಿತ್ತು. ನಾನು ಆ ಗೆರೆಗಳನ್ನು ನೋಡುತ್ತ, ಇವು ನನ್ನ ಕೈಬರಹ ಎಂದುಕೊಂಡೆ.

ಮರುದಿನ ಮ್ಯಾನೇಜರ್ ಸಿದ್ದಲಿಂಗೇಶ ನಮ್ಮಿಬ್ಬರನ್ನೂ ಕರೆದ. "ವಾಲ್ ಅರ್ಧಾ ಬಂದ್ ಆಗಿತ್ತು. ಖರೆ ಹೇಳ್ರಿ. ಯಾರ ಕೈ?" ನಾನು ಬಾಯಿ ತೆರೆಯುವ ಮೊದಲೇ ನೀನು, "ನಂದs ರೀ" ಎಂದೆ. ಅವನು ಬರೆದುಕೊಂಡ. ಅವನ ಪೆನ್ನು ನಿನ್ನ ಹೆಸರು ಬರೆದು ಮುಗಿಸುವಷ್ಟು ಹೊತ್ತು ನನಗೆ ಸಿಕ್ಕಿತ್ತು. ಮಂಜುಳಾ ಎಂದರೆ ಮೂರಕ್ಷರ. ಆ ಮೂರಕ್ಷರದ ಹೊತ್ತು ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಕ್ಷಮೆ ಕೇಳುವುದಿದ್ದರೆ ಅದಕ್ಕೆ, ಅದಷ್ಟಕ್ಕೆ. ಇಗೋ, ಕೇಳಿದ್ದೇನೆ. ಎರಡನೆಯ ಸಲ ಕೇಳುವುದಿಲ್ಲ.

ಹೊರಗೆ ಕೈ ತೊಳೆಯುವಲ್ಲಿ ನೀನು ಹೇಳಿದ ಮಾತು ಈಗಲೂ ನನ್ನ ಕಿವಿಯನ್ನು ಸುಡುತ್ತದೆ. "ಅಕ್ಕಾ, ನಿನ್ನ ಹೆಸರು ಇಪ್ಪತ್ತೆರಡು ವರ್ಷದ್ದು, ನಂದು ನಾಕು ವರ್ಷದ್ದು. ಯಾವುದು ಒಡದ್ರ ಸಪ್ಪಳ ಕಡಿಮಿ, ನೀನs ಹೇಳು." ನೀನು ನಗುತ್ತಿದ್ದೆ. ಆ ನಗುವಿನಲ್ಲಿ ಒಂದು ಹೆಚ್ಚುಗಾರಿಕೆ ಇತ್ತು ಎಂದು ಈಗ ಹೇಳುತ್ತೇನೆ, ಸಿಟ್ಟು ಬಂದರೆ ಬರಲಿ. ನಾನು ನನ್ನ ತಪ್ಪನ್ನು ಹೊರಲಾರದಷ್ಟು ಹಳೆಯ ಗಡಿಗೆ ಎಂದು ನೀನು ನಿರ್ಧರಿಸಿಬಿಟ್ಟಿದ್ದೆ. ಯಾರು ನಿನ್ನನ್ನು ಕೇಳಿದ್ದರು?

ನಿನ್ನನ್ನು ಮನೆಗೆ ಕಳಿಸಿದರು, ನೋಟೀಸು ಹಚ್ಚಿದರು. ಅಷ್ಟಕ್ಕೇ ಮುಗಿದಿದ್ದರೆ ಬಹುಶಃ ನಾನು ಸುಮ್ಮನೆಯೇ ಇರುತ್ತಿದ್ದೆ. ನಾನು ಅಷ್ಟೇನೂ ಒಳ್ಳೆಯವಳಲ್ಲ. ಆದರೆ ಮಾತಿಗೆ ಕಾಲಿದೆ. ನಿನ್ನ ಜಾಗಕ್ಕೆ ಕಳಸಾಪುರದ ಅಂಕಿತಾ ಬಂದಳು, ಮೂವತ್ತರ ಹೆಂಗಸು, ಕೆಲಸದಲ್ಲಿ ಚುರುಕು. ಅವಳಿಗೆ ವಾಲ್ ತೋರಿಸುತ್ತ ಯಾರೋ ಅಂದರು, "ಮಂಜುಳಾನ ತಿರುವು ತಿರುವಿಗಿರುವೀ ಮತ್ತ." ಎಲ್ಲರೂ ನಕ್ಕರು. ತಿಂಗಳೊಳಗೆ ಅದು ಕ್ಯಾಂಟೀನಿಗೆ ಹೋಯಿತು. ಸಾರು ಕಡಿಮೆ ಬಡಿಸಿದರೆ, "ಏನಲೇ, ಮಂಜುಳಾನ ತಿರುವೇನು?" ಸೈಕಲ್ಲಿಗೆ ಗಾಳಿ ಅರ್ಧ ಹೊಡೆದರೆ ಮಂಜುಳಾನ ತಿರುವು. ಅರ್ಧ ರಜೆ ಹಾಕಿದರೆ ಮಂಜುಳಾನ ತಿರುವು. ನಿನ್ನನ್ನು ನೋಡಿಯೇ ಇರದವರು ನಿನ್ನ ಹೆಸರನ್ನು ಜಿಪುಣತನಕ್ಕೆ, ಮೈಗಳ್ಳತನಕ್ಕೆ ಇಟ್ಟುಕೊಂಡು ಆಡಿದರು. ನೀನು, ನೀರನ್ನು ಅರ್ಧಕ್ಕೆ ನಿಲ್ಲಿಸಲು ಬಾರದವಳು.

ಜೂನಿನಲ್ಲಿ ಒಂದು ಮುಂಜಾನೆ ಅಂಕಿತಾ ವಾಲ್ ಸ್ವಲ್ಪ ಕಡಿಮೆ ಇಟ್ಟಿದ್ದಳು. ನಾನು ದೂರದಿಂದಲೇ ಕೂಗಿದೆ: "ಯವ್ವಾ, ಮಂಜುಳಾನ ತಿರುವು ಆಗೇತಿ ನೋಡಲ್ಲಿ." ಕೂಗಿ ಮುಗಿದ ಮೇಲೆ ನನ್ನ ದನಿ ನನಗೆ ಕೇಳಿಸಿತು. ಅಂಕಿತಾ ಗೆರೆಗೆ ಸರಿಮಾಡಿ ನನ್ನತ್ತ ನೋಡಿ ನಕ್ಕಳು. ನಾನು ಕೈಗವಸು ಬಿಚ್ಚಿಟ್ಟು ನೆಟ್ಟಗೆ ಆಫೀಸಿಗೆ ಹೋದೆ.

ಸಿದ್ದಲಿಂಗೇಶ ಕೇಳಿಸಿಕೊಂಡ. ಆಮೇಲೆ ತಾಯಿಗೆ ಹೇಳಿದ ಹಾಗೆ ಹೇಳಿದ: "ಸುಗ್ರಾಬಿಯವರ, ದೋಸ್ತಿ ಸಲುವಾಗಿ ಸುಳ್ಳ ಹೇಳಬ್ಯಾಡ್ರಿ. ಆಗಿದ್ದು ಆಗಿ ಹೋತು." ನೋಡು, ನಿನ್ನ ಸುಳ್ಳನ್ನು ಅವನು ಒಂದು ಉಸಿರಿನಲ್ಲಿ ನಂಬಿದ್ದ. ನನ್ನ ಖರೆಗೆ ಸಾಕ್ಷಿ ಬೇಕಾಯಿತು. "ಆಕಿ ಹೊಳಿ ದಂಡಿಯಾಕಿರಿ. ನೀರು ಬಂದ್ ಮಾಡೂದು ಆಕಿ ಕೈಗೆ ಗೊತ್ತs ಇಲ್ಲ. ನೀವು ಲಕ್ಷ್ಮೇಶ್ವರದಾಗ ಮನ್ಯಾಗ ಬಾವಿ ಇಟಗೊಂಡು ಬೆಳದೋರು, ನಿಮಗೂ ತಿಳಿಯೂದಿಲ್ಲ. ಈ ಕೆಲಸ ಬೆಟಗೇರಿ ಮಂದಿ ಬಿಟ್ಟು ಬ್ಯಾರೆ ಯಾರೂ ಮಾಡಂಗಿಲ್ಲ" ಎಂದೆ. ಅವನು ಪೆನ್ನು ಕೆಳಗಿಟ್ಟ. ನಂಬಿದ್ದು ಮುಖದಲ್ಲಿ ಕಂಡಿತು. ನಂಬಿದ ಮೇಲೆ ಅವನು ಇನ್ನಷ್ಟು ಮೆಲ್ಲಗೆ ಮಾತಾಡಿದ. "ನಿಯಮ ಎಲ್ಲಾರಿಗೂ ಒಂದs ಅಲ್ಲೇನ್ರಿ? ಬರದ್ರ ನಿಮ್ಮನ್ನೂ ಕಳಸಬೇಕಾಕ್ಕೈತಿ." "ಕಳಸ್ರಿ" ಎಂದೆ. "ನಿಮ್ಮನ್ನ ಕಳಿಸಿದ್ರ ತೊಳಿಯೋರು ಯಾರು? ಹೋಗ್ರಿ, ಕೆಲಸಾ ನೋಡ್ರಿ." ನಿಯಮ ಎಲ್ಲರಿಗೂ ಒಂದೇ ಇರಲಿಲ್ಲ ಎಂಬುದನ್ನು ಅವನೇ ತನ್ನ ಬಾಯಿಂದ ಹೇಳಿದ್ದ, ಅವನಿಗೆ ಅದು ತಿಳಿಯಲಿಲ್ಲ.

ಆ ಸಂಜೆಯೇ ಮುಸ್ತಾಕ ಇನ್ನೊಂದು ಖಬರ ಹೇಳಿದ. ನೀನು ಮುಂಡರಗಿಯ ದಾರಿಯ ಇನ್ನೊಂದು ಘಟಕಕ್ಕೆ ಕೆಲಸ ಕೇಳಲು ಹೋದಾಗ, "ಗದಗಿನ್ಯಾಗ ನೀರು ಬಂದ್ ಮಾಡಿದಾಕಿ ನೀನs ಅಲ್ಲೇನು?" ಎಂದು ಕೇಳಿ ಹೊರಗಿನಿಂದಲೇ ಕಳಿಸಿದರಂತೆ. ನೀನು ಇದನ್ನು ನನಗೆ ಹೇಳಲಿಲ್ಲ. ಫೋನಿನಲ್ಲಿ ಪ್ರತಿ ಸಲ, "ನಾ ಆರಾಮ ಅದೇನಿ, ಹೊಳಿ ನೋಡಕೋಂತ ಕುಂತೇನಿ" ಎನ್ನುತ್ತಿದ್ದೆ. ಸಪ್ಪಳ ಕಡಿಮೆ ಆಗುತ್ತದೆ ಅಂದಿದ್ದೆಯಲ್ಲ, ಆಗಲಿಲ್ಲ.

ಇಲ್ಲಿಂದ ಮುಂದಿನದು ನಿನಗೆ ಗೊತ್ತಿಲ್ಲ.

ಕೆಲಸಕ್ಕೆ ಹಿಂದಿರುಗಿದೆ, ವಾಲ್ ಗೆರೆಗೆ ಇಟ್ಟೆ, ನೀರು ಹೊಂಡಕ್ಕೆ ಹೋಗುವುದನ್ನು ನೋಡುತ್ತ ನಿಂತೆ. ಸೀರೆ ಕೆಡಿಸಿದ್ದು ನನ್ನ ತಪ್ಪು, ಅದಕ್ಕೆ ಎರಡು ಮಾತಿಲ್ಲ. ಆದರೆ ಈ ನೀರನ್ನು ಉಳಿಸಬೇಕು ಅನ್ನಿಸಿದ್ದೂ ತಪ್ಪೇ? ಅದನ್ನು ಒಪ್ಪಲು ನನ್ನಿಂದ ಆಗಲಿಲ್ಲ, ಈಗಲೂ ಆಗುವುದಿಲ್ಲ. ನನ್ನ ತಾಯಿ ಅರಿವೆ ಜಾಲಿಸುತ್ತಿದ್ದುದು ಮೂರು ತಗಡಿನ ಬುಟ್ಟಿಗಳಲ್ಲಿ. ಸಬಕಾರ ಹಚ್ಚಿದ ಅರಿವೆ ಮೊದಲು ಹೊಲಸು ನೀರಿಗೆ, ಆಮೇಲೆ ನಡುವಿನದಕ್ಕೆ, ಕೊನೆಗೆ ತಿಳಿನೀರಿಗೆ. ಅರಿವೆ ಮುಂದೆ ಹೋಗುತ್ತದೆ, ನೀರು ಹಿಂದೆ ಬರುತ್ತದೆ. ಕೊನೆಯ ಬುಟ್ಟಿಯ ನೀರು ನಾಳೆ ನಡುವಿನದು, ನಾಡಿದ್ದು ಮೊದಲಿನದು, ಆಮೇಲೆ ಅಂಗಳಕ್ಕೆ. ಹೊಸ ನೀರು ಕೊನೆಯ ಬುಟ್ಟಿಗೆ ಮಾತ್ರ. ನಾಲ್ಕು ಕೊಡದಲ್ಲಿ ಏಳು ಜನರ ಅರಿವೆ ಬೆಳ್ಳಗಾಗುತ್ತಿದ್ದವು. ನಾವು ಕಾರ್ಖಾನೆಯಲ್ಲಿ ಇಷ್ಟು ವರ್ಷ ಒಂದೇ ಬುಟ್ಟಿಯಲ್ಲಿ ಜಾಲಿಸುತ್ತಿದ್ದೆವು, ಹೊಲಸಾದಷ್ಟೂ ಮೇಲಿನಿಂದ ಸುರಿಯುತ್ತಿದ್ದೆವು. ಈ ಮಾತು ನಾನು ಇಪ್ಪತ್ತೆರಡು ವರ್ಷ ಯೋಚಿಸಲಿಲ್ಲ. ಮನೆಯ ಬುದ್ಧಿಯನ್ನು ಗೇಟಿನ ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಹೋಗುವ ರೂಢಿ.

ಮುಸ್ತಾಕನಿಗೆ ಹೇಳಿದೆ. ಅವನು ತಲೆ ಕೆರೆದುಕೊಂಡ. "ಆಪಾ, ಸಾಹೇಬ್ರನ್ನ ಕೇಳಿಯೇನು?" "ಇಲ್ಲ." "ನೌಕರಿ ಹೋದ್ರ?" "ಹೋಗಲಿ." ಅವನು, "ಆತು ತಗೋ. ಇಬ್ಬರೂ ಮುಳಗುಂದದಾಗ ಭಜಿ ಅಂಗಡಿ ಇಡೂಣು. ನೀ ಮೆಣಸಿನಕಾಯಿ ತೊಳಿ, ನಾ ಕರೀತೀನಿ. ಮೂರು ಬುಟ್ಟ್ಯಾಗ ತೊಳೀ ಮತ್ತ" ಎಂದ. ರಜೆಯ ದಿನ ತೊಟ್ಟಿಯೊಳಗೆ ದಪ್ಪ ಪ್ಲಾಸ್ಟಿಕ್ ಹಲಗೆಗಳ ಎರಡು ಅಡ್ಡಗೋಡೆ ನಿಲ್ಲಿಸಿ ಮೂರು ಮನೆ ಮಾಡಿದೆವು. ಒಂದು ಗೋಡೆ ಇನ್ನೊಂದಕ್ಕಿಂತ ಬೆರಳಷ್ಟು ಎತ್ತರ. ಪಟ್ಟಿ ಹೊರಬೀಳುವ ತುದಿಯಲ್ಲಿ ಹೊಸ ನೀರು. ಅದು ತುಂಬಿ ನಡುವಿನ ಮನೆಗೆ ಚೆಲ್ಲಬೇಕು, ನಡುವಿನದು ಮೊದಲಿನದಕ್ಕೆ. ಪ್ರತಿ ಗೋಡೆಯ ಮೇಲೆ ಒಂದು ಜೋಡಿ ರಬ್ಬರ್ ಉರುಳೆ, ಹಿಂದಿನ ಮನೆಯ ಹೊಲಸನ್ನು ಪಟ್ಟಿ ಮುಂದಿನ ಮನೆಗೆ ಹೊರದಂತೆ ಒರಸಲು. ಮುಸ್ತಾಕ ಮೂರು ಸಲ ಗೋಡೆ ಕಿತ್ತ, ಮೂರು ಸಲ ನಿಲ್ಲಿಸಿದ. ಪ್ರತಿ ಸಲವೂ ನನ್ನ ತಾಯಿಯನ್ನು ಬೈದ. ಅವಳು ಸತ್ತು ಹದಿನಾರು ವರ್ಷವಾಗಿತ್ತು, ಕೇಳಿಸಿಕೊಂಡಿದ್ದರೆ ತಿರುಗಿ ಬೈಯುತ್ತಿದ್ದಳು.

ಮರುದಿನ ವಾಲ್ ಅರ್ಧ ತಿರುವಿ ಪಟ್ಟಿ ಬಿಟ್ಟೆ. ಗೆರೆಯ ಕೆಳಗೆ, ಎಲ್ಲರ ಕಣ್ಣೆದುರು, ಬೇಕೆಂದೇ. ಅಂಕಿತಾ ಗಾಬರಿಯಾದಳು. ನಾನು ಮೂರೂ ಮನೆಗಳಲ್ಲಿ ಆಸಿಡ್ ಪರೀಕ್ಷೆಯ ಕಾಗದ ಅದ್ದಿದೆ. ಮೊದಲನೆಯದರಲ್ಲಿ ಕಾಗದ ಕೆಂಪಾಯಿತು, ಎರಡನೆಯದರಲ್ಲಿ ಕೆಂಪು ಹೌದೋ ಅಲ್ಲವೋ ಎಂಬಂತೆ, ಮೂರನೆಯದರಲ್ಲಿ ಇದ್ದ ಬಣ್ಣ ಹಾಗೇ ಇತ್ತು. ಗೆರೆಗೆ ಇಟ್ಟ ದಿನಗಳಲ್ಲೂ ಅಷ್ಟು ತಿಳಿಯಾದ ನೀರು ನಾನು ಕಂಡಿರಲಿಲ್ಲ. ಆ ದಿನದ ಪಟ್ಟಿಯಿಂದ ಒಂದು ತುಂಡು ಕತ್ತರಿಸಿ ಸ್ಟೋರಿನ ತಂಪು ಮೂಲೆಯಲ್ಲಿ ಮೊಳೆಗೆ ನೇತುಹಾಕಿದೆ, ಇನ್ನೊಂದನ್ನು ಚನ್ನಬಸವಣ್ಣನಿಗೆ ಕೊಟ್ಟೆ. ಕೊಡುವಾಗ ಹೇಳಿದೆ, ನಿನ್ನ ಸೀರೆ ಕೆಡಿಸಿದವಳು ನಾನು ಎಂದು. ಅವನು ಬಹಳ ಹೊತ್ತು ನನ್ನ ಕೈ ನೋಡಿದ. "ಓಣ್ಯಾಗ ನಳಾ ಬಂದ ದಿನ ನಮ್ಮ ಮನ್ಯಾಕೀನೂ ಹಂಗs ಮಾಡತಾಳು" ಎಂದ. ಕ್ಷಮಿಸಿದನೋ ಇಲ್ಲವೋ ತಿಳಿಯಲಿಲ್ಲ. ಪಟ್ಟಿ ಮಾತ್ರ ತೆಗೆದುಕೊಂಡು ಹೋದ.

ಒಂದು ತಿಂಗಳು ಕಾದೆ. ಮೊಳೆಯ ಮೇಲಿನ ತುಂಡಿನಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಚನ್ನಬಸವಣ್ಣ ಹೊಸ ಫಣಿಯಲ್ಲಿ ನೇಯ್ದ ಬಿಳಿ ಬಟ್ಟೆ ಕಳಿಸಿದ, ಗೆರೆ ಇರಲಿಲ್ಲ. ಆಗ ನಿನಗೆ ಫೋನು ಮಾಡಿದೆ, ಇಷ್ಟೆಲ್ಲ ಹೇಳಬೇಕೆಂದು. ನಾನು ಆಫೀಸಿನಲ್ಲಿ ಖರೆ ಹೇಳಿದ್ದೇನೆ ಎಂಬಲ್ಲಿಗೇ ನೀನು ಉಡಿಯ ಮಾತು ತೆಗೆದೆ, ಫೋನು ಇಟ್ಟೆ.

ಮಂಗಳವಾರ ಸಿದ್ದಲಿಂಗೇಶನನ್ನು ತೊಟ್ಟಿಗೇ ಕರೆದೆ. ಅವನು ಬಗ್ಗಿ ಮೂರು ಮನೆಗಳನ್ನು ನೋಡಿದ, ವಾಲ್ ನೋಡಿದ, ಬಟ್ಟೆ ನೋಡಿದ. ಮೂರ್ಖನಲ್ಲ, ಕೂಡಲೇ ಅರ್ಥ ಮಾಡಿಕೊಂಡ. ಮಾಲೀಕರಿಗೆ ತೋರಿಸಬೇಕೆಂದ, ಫೋಟೋ ತೆಗೆದ. "ಭಾರಿ ಮಾಡೀರಿ ಬಿಡ್ರಿ" ಎಂದ. ನಾನು ಹೇಳಿದೆ, ತೊಟ್ಟಿ ಇಟ್ಟುಕೊಳ್ಳಿ, ಮೊದಲು ನೋಟೀಸು ಬದಲಿಸಿ. ಅವನು ಉದಾರಿಯಾದ. "ಅದನ್ನ ಇವತ್ತs ಕಿತ್ತು ಒಗೀತೀನಿ. ಯಾರ ಹೆಸರೂ ಬ್ಯಾಡ, ಮುಗೀತು." ಬಹಳ ಜನ ಇಲ್ಲಿಗೆ ಒಪ್ಪುತ್ತಾರೆ. ನಾನೂ ಒಂದು ಕ್ಷಣ ಒಪ್ಪಿದ್ದೆ, ಒಳಗೊಳಗೆ. ಆಮೇಲೆ ಕ್ಯಾಂಟೀನು ನೆನಪಾಯಿತು. "ಹೆಸರಿಲ್ಲದ ಜಾಗಾ ಖಾಲಿ ಇರೂದಿಲ್ಲರಿ. ಮಂದಿ ಮತ್ತ ಆಕಿ ಹೆಸರs ತುಂಬತಾರ. ನನ್ನ ಹೆಸರು ಬರೀರಿ. ಆಕಿ ಮುಚ್ಚಿಲ್ಲ ಅಂತನೂ ಬರೀರಿ. ಆಕಿಗೆ ಕೆಲಸಕ್ಕ ಬಾ ಅಂತ ಕಾಗದಾ ಹಾಕ್ರಿ."

ಅವನಿಗೆ ಸಿಟ್ಟು ಬಂತು. ಒಳ್ಳೆಯತನವನ್ನು ಬೇಡ ಅಂದರೆ ಎಂಥವರಿಗೂ ಬರುತ್ತದೆ, ನಿನಗೆ ಬಂದಿಲ್ಲವೇ. "ಬರದ್ರ ನಿಮ್ಮನ್ನ ಇಟಗೊಳ್ಳಾಕ ಬರಂಗಿಲ್ಲ, ತಿಳೀತಿಲ್ಲೋ?" "ತಿಳೀತರಿ." "ಇಪ್ಪತ್ತೆರಡು ವರ್ಷರಿ, ಸುಗ್ರಾಬಿಯವರ!" "ಅದಕ್ಕs ಹೇಳಾಕತ್ತೀನಿ. ಇಪ್ಪತ್ತೆರಡು ವರ್ಷದ ಹೆಸರು, ಒಂದು ನೋಟೀಸ ತಡಕೋತೈತಿ." ಶೆಡ್ಡಿನಲ್ಲಿ ಎಲ್ಲರೂ ಕೆಲಸ ನಿಲ್ಲಿಸಿ ಕೇಳುತ್ತಿದ್ದರು. ಪಟ್ಟಿ ಒಂದೇ ಓಡುತ್ತಿತ್ತು. ಮುಸ್ತಾಕ ತನ್ನ ತೊಟ್ಟಿಯಿಂದಲೇ ಗಟ್ಟಿಯಾಗಿ ಅಂದ, "ಸಾಹೇಬ್ರ, ಮತ್ತ ಗ್ವಾಡಿ ನಿಂದ್ರಿಸಿದಾಂವ ನಾನು. ಕೇಳದ ನಿಂದ್ರಿಸೀನಿ. ನನ್ನ ಹೆಸರೂ ಹಾಕ್ರಿ, ಸಣ್ಣ ಅಕ್ಷರದಾಗ ಆದ್ರೂ ನಡೀತೈತಿ." ಯಾರೋ ನಕ್ಕರು. ಆ ನಗುವಿನಲ್ಲಿ ಸಿದ್ದಲಿಂಗೇಶನ ಸಿಟ್ಟು ಅರ್ಧ ಇಳಿಯಿತು. ಪೂರ್ತಿ ಇಳಿದಿರಲಿಲ್ಲ ಎಂಬುದು ಬುಧವಾರ ಗೊತ್ತಾಯಿತು.

ಬುಧವಾರ ನೋಟೀಸು ಬಂತು. ವಾಲ್ ಮುಚ್ಚಿದವಳು ಸುಗ್ರಾಬಿ. ಮಂಜುಳಾಳ ಮೇಲೆ ಹೊರಿಸಿದ ತಪ್ಪು ನಿರಾಧಾರ, ಅವಳು ಬಯಸಿದರೆ ಮೊದಲಿನ ಜಾಗಕ್ಕೆ ಮರಳಬಹುದು. ಅಂಕಿತಾಳನ್ನು ಬಿಸಿನೀರಿನ ತೊಟ್ಟಿಗೆ ಹಾಕಿದ್ದಾರೆ. ನನ್ನನ್ನು ತೆಗೆದುಹಾಕಲಿಲ್ಲ. ಒಂದು ತಿಂಗಳು ಮನೆಯಲ್ಲಿ, ಆಮೇಲೆ ಸುರುಳಿ ಕಟ್ಟುವ ಕೆಲಸಕ್ಕೆ. ತೊಳೆಯುವ ತೊಟ್ಟಿಯ ಹತ್ತಿರ ಇನ್ನು ನಾನು ನಿಲ್ಲುವಂತಿಲ್ಲ. ಆ ನೋಟೀಸನ್ನು ಗೋಡೆಗೆ ಹಚ್ಚುವ ಮೊದಲು ಕೇಳಿ ಪಡೆದು, ಊಟದ ಹೊತ್ತಿನಲ್ಲಿ ಕ್ಯಾಂಟೀನಿನಲ್ಲಿ ನಿಂತು ನಾನೇ ಗಟ್ಟಿಯಾಗಿ ಓದಿದೆ. ನನ್ನ ಹೆಸರು ಬಂದಲ್ಲಿ ದನಿ ಇಳಿಸಲಿಲ್ಲ. ಓದಿ ಮುಗಿದಾಗ ಬಡಿಸುವವನು ನನ್ನ ತಾಟಿಗೆ ಸಾರು ತುಳುಕುವ ಹಾಗೆ ಹಾಕಿದ. ಗೇಟಿನ ಹೊರಗೆ ಬಂದು ಚಪ್ಪಲಿ ಮೆಟ್ಟುವುದನ್ನೂ ಮರೆತು ಓಣಿಯ ತನಕ ನಡೆದೆ ಎಂಬುದನ್ನೂ ಬರೆಯುತ್ತೇನೆ, ಇಲ್ಲದಿದ್ದರೆ ಈ ಕಾಗದವೂ ನೋಟೀಸಿನ ಹಾಗಾಗುತ್ತದೆ.

ನಿನ್ನ ಹೆಸರಿದ್ದ ಹಳೆಯ ನೋಟೀಸನ್ನು ಇದರ ಜೊತೆ ಮಡಚಿ ಇಟ್ಟಿದ್ದೇನೆ. ಏನು ಬೇಕಾದರೂ ಮಾಡು. ಕಾರ್ಖಾನೆಯ ಕಾಗದ ಬೇರೆಯಾಗಿ ಬರುತ್ತದೆ. ಹೋಗು ಎಂದು ನಾನು ಹೇಳುವುದಿಲ್ಲ. ನಿನಗೆ ಬೇಡವಾದರೆ ಬೇಡ ಎಂದು ಅವರಿಗೆ ನಿನ್ನ ಕೈಯಾರೆ ಬರೆದು ಕಳಿಸು, ಆ ಹಕ್ಕು ನಿನ್ನದು, ಅದನ್ನೇ ನಾನು ಹೊಡೆದಾಡಿ ತಂದದ್ದು. ಹೊಳೆ ನೋಡುತ್ತ ಕೂಡುವುದಿದ್ದರೆ ನಿನ್ನ ಇಷ್ಟಕ್ಕೆ ಕೂತುಕೋ, ನನ್ನ ತಪ್ಪಿನ ಮೇಲೆ ಚಾಪೆ ಹಾಸಿಕೊಂಡು ಬೇಡ.

ತೊಟ್ಟಿ ಕಳೆದುಕೊಂಡಿದ್ದಕ್ಕೆ ನನಗೆ ದುಃಖವಿಲ್ಲವೇ ಎಂದು ನೀನು ಕೇಳುತ್ತೀ. ಇದೆ. ಬೇಕಾದಷ್ಟಿದೆ. ಅದು ನನ್ನದು, ಅದನ್ನೂ ನೀನು ಎತ್ತಿಕೊಂಡು ಹೋಗಬೇಡ. ಇನ್ನೊಮ್ಮೆ ನನಗಾಗಿ ಯಾರೆದುರಿಗಾದರೂ ಸುಳ್ಳು ಹೇಳಿದರೆ ನಮ್ಮ ದೋಸ್ತಿ ಅಲ್ಲಿಗೆ ಮುಗಿಯಿತು, ಇದು ಬೆದರಿಕೆಯೇ. ಬೈಯುವುದಿದ್ದರೆ ಎದುರಿಗೆ ಬಂದು ಬೈ. ಮುಂಜಾನೆ ಒಂಬತ್ತೂವರೆಗೆ ಮುಂಡರಗಿಯಿಂದ ಬಸ್ಸಿದೆ. ಈ ತಿಂಗಳು ಪೂರ್ತಿ ನಾನು ಮನೆಯಲ್ಲೇ ಇರುತ್ತೇನೆ, ಬೈಸಿಕೊಳ್ಳಲು ಪುರುಸೊತ್ತು ಬಹಳ ಇದೆ.

ನಿನ್ನ ಹೊಟ್ಟೆ ತಣ್ಣಗಿರಲಿ, ನಿನ್ನ ಹೆಸರು ನಿನ್ನ ಬಳಿಯೇ ಇರಲಿ. ಸಿಟ್ಟು ಆರುವುದರೊಳಗೆ ಬಾ.

ಯಾರೂ ಕಾಪಾಡಬೇಕಿಲ್ಲದ,
ಸುಗ್ರಾಬಿ